ಟೆಫ್ಲಾನ್ ಕೋಟಿಂಗ್ ಪಿಎಚ್ ಸೆನ್ಸರ್: ಸಕ್ಕರೆ ಕಾರ್ಖಾನೆಯಲ್ಲಿ ಮೂರು ಸೀಸನ್ ಬಳಸಿದ ಮೇಲೆ

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ಸೆಕ್ಷನ್‌ನಲ್ಲಿದ್ದೇನೆ. ಜ್ಯೂಸ್ ಸಲ್ಫಿಟೇಶನ್, ಅಂದರೆ ರಸಕ್ಕೆ ಸುಣ್ಣ ಮತ್ತು ಗಂಧಕದ ಗ್ಯಾಸು ಕೊಟ್ಟು ಶುದ್ಧ ಮಾಡುವ ಕಡೆ, ಕೂರಿಸಿದ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) ಸೆನ್ಸರ್ ಬಗ್ಗೆ ಬರೆಯುತ್ತಿದ್ದೇನೆ. ಇದರ ಮೈ ಪಿಪಿಎಸ್ ಎಂಬ ಬಿಸಿ ತಡೆಯುವ ಪ್ಲಾಸ್ಟಿಕ್. ಹೋಲ್ಡರಿಗೆ ಟೆಫ್ಲಾನ್ ಕೋಟಿಂಗ್ ಇದೆ. ತುದಿಯಲ್ಲಿ ಪಿಎಚ್ ಅಳೆಯುವ ಗಾಜಿನ ಬಲ್ಬ್, ಅದರ ಸುತ್ತ ಉಂಗುರದ ಹಾಗೆ ಟೆಫ್ಲಾನ್ ಜಂಕ್ಷನ್ (ಒಳಗಿನ ಉಪ್ಪಿನ ಜೆಲ್ ಹೊರಗಿನ ರಸಕ್ಕೆ ತಾಗುವ ರಂಧ್ರಗಳ ಜಾಗ). ಸಾಮಾನ್ಯ ಗಾಜಿನ ಎಲೆಕ್ಟ್ರೋಡಿಗೆ ಕೊಡುತ್ತಿದ್ದ ದುಡ್ಡಿನ ಎರಡೂವರೆ ಪಟ್ಟು ಕೊಟ್ಟಿದ್ದೇವೆ. ಕೊಟ್ಟದ್ದಕ್ಕೆ ಬೇಜಾರಿಲ್ಲ. ಆದರೆ ಮಾರಿದವರು ಹೇಳಿದ ಒಂದು ಮಾತು ಮಾತ್ರ ತಪ್ಪು: 'ಕೋಟಿಂಗ್ ಇದೆ, ತೊಳೆಯೋದೇ ಬೇಡ.'

ನಮ್ಮ ಜಾಗ ಎಂಥದ್ದು ಅಂತ ಮೊದಲು ಹೇಳಬೇಕು. ಗಾಣದಿಂದ ಬರುವ ಕಬ್ಬಿನ ಹಾಲಿನ ಪಿಎಚ್ ಸುಮಾರು 5.2ರಿಂದ 5.5. ಅದನ್ನು 70 ಡಿಗ್ರಿಗೆ ಕಾಯಿಸಿ, ಸುಣ್ಣದ ಹಾಲು ಮತ್ತು ಸಲ್ಫರ್ ಡೈಆಕ್ಸೈಡ್ ಕೊಟ್ಟು 7ರ ಆಸುಪಾಸಿಗೆ ತರುತ್ತೇವೆ. ಕಡಿಮೆಯಾದರೆ ಬಿಸಿಯಲ್ಲಿ ಸಕ್ಕರೆ ಒಡೆದು ಹೋಗುತ್ತದೆ. ಜಾಸ್ತಿಯಾದರೆ ರಸ ಕೆಂಪಗಾಗಿ, ಸಕ್ಕರೆಯ ಬಣ್ಣ ಕೆಡುತ್ತದೆ. ರೈತ ಒಂದು ವರ್ಷ ನೀರುಣಿಸಿ ಬೆಳೆಸಿದ ಕಬ್ಬು ಇಲ್ಲಿ ಕೆಲವೇ ನಿಮಿಷದಲ್ಲಿ ಹಾಳಾಗಬಾರದು, ಅಲ್ವಾ? ಅದಕ್ಕೇ ಈ ಒಂದು ಸೆನ್ಸರ್ ಮೇಲೆ ನನಗೆ ಇಷ್ಟು ಜೀವ.

ಹಳೆಯ ಎಲೆಕ್ಟ್ರೋಡ್ ಒಂದು ಸೀಸನ್ ಪೂರ್ತಿ ಬಾಳಿದ್ದೇ ಇಲ್ಲ. ನಾಲ್ಕೈದು ದಿನಕ್ಕೆ ಮೈಮೇಲೆ ಸುಣ್ಣದ ಕರಣೆ ಕಟ್ಟುತ್ತಿತ್ತು. ಎಲೆ ಅಡಿಕೆ ಹಾಕುವವರ ಸುಣ್ಣದ ಡಬ್ಬಿಯ ಅಂಚು ಹೇಗಿರುತ್ತದೋ ಹಾಗೆ, ಬೆಳ್ಳಗೆ, ಗಟ್ಟಿಯಾಗಿ. ಕ್ಯಾಲ್ಸಿಯಂ ಸಲ್ಫೈಟ್, ಕ್ಯಾಲ್ಸಿಯಂ ಫಾಸ್ಫೇಟ್ ಎರಡೂ ಅದರಲ್ಲಿರುತ್ತವೆ. ಸೆರಾಮಿಕ್ ಜಂಕ್ಷನ್ನಿನ ಸಣ್ಣ ರಂಧ್ರ ಮುಚ್ಚಿಹೋದರೆ ರೀಡಿಂಗ್ ತೇಲಾಡಲು ಶುರು.

ಹೊಸದರಲ್ಲಿ ಕರಣೆ ಕಟ್ಟುವುದೇ ಇಲ್ಲ ಎಂದಲ್ಲ. ಕಟ್ಟುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಮೊದಲ ಸಲ ಹೊರತೆಗೆದಾಗ ನಮ್ಮ ಫಿಟ್ಟರ್ 'ಅರಿಬೀಲೆ ಒರಸಿದ್ರ ಸಾಕು, ಬಿಡಾಕತ್ತೈತಿ ನೋಡ್ರಿ ಸಾಹೇಬ್ರ' ಅಂದರು. ನಿಜ, ಸಿಪ್ಪೆ ಸುಲಿದ ಹಾಗೆ ಬಂತು. ಜಂಕ್ಷನ್ ಅಗಲವಾಗಿರುವುದರಿಂದ ಒಂದು ಕಡೆ ಮುಚ್ಚಿದರೂ ಉಳಿದ ಕಡೆ ಕೆಲಸ ನಡೆಯುತ್ತದೆ.

ಗಾಜಿನ ಬಲ್ಬಿನ ಕಥೆ ಬೇರೆ. ಅದಕ್ಕೆ ಯಾವ ಕೋಟಿಂಗೂ ಇಲ್ಲ, ಇರಲೂಬಾರದು. ಗಾಜಿನ ಹೊರಮೈ ನೀರು ಹೀರಿ ಒಂದು ತೆಳು ಪದರ ಮಾಡಿಕೊಂಡು, ರಸವನ್ನು ನೇರವಾಗಿ ಮುಟ್ಟಿದರೆ ಮಾತ್ರ ಪಿಎಚ್ ಸಿಗುತ್ತದೆ. ಆದ್ದರಿಂದ ಬಲ್ಬಿಗೆ ತೊಳೆಯುವುದೊಂದೇ ದಾರಿ. ನಾವು ವಾರಕ್ಕೆ ಎರಡು ಸಲ 5 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎರಡು ಮೂರು ನಿಮಿಷ ಅದ್ದುತ್ತೇವೆ. ಸಣ್ಣಗೆ ಗುಳ್ಳೆ ಏಳುತ್ತವೆ, ಕಡ್ಡಿ ಗೀರಿದಾಗಿನ ಘಾಟು ಬರುತ್ತದೆ. ಅದು ಸಲ್ಫೈಟ್ ಕರಗಿ ಹೊರಬರುವ ಗ್ಯಾಸು. ಈ ಕೆಲಸ ಗಾಳಿಯಾಡುವ ಕಡೆಯೇ ಮಾಡಿ, ಗ್ಲೌಸು, ಕನ್ನಡಕ ಹಾಕಿಕೊಳ್ಳಿ. ಬ್ಲೇಡ್ ಮಾತ್ರ ಮುಟ್ಟಿಸಬೇಡಿ. ಮೊದಲ ಸೀಸನ್ನಿನಲ್ಲಿ ರಾತ್ರಿ ಪಾಳಿಯಲ್ಲಿ ಯಾರೋ ಅವಸರಕ್ಕೆ ಹೋಲ್ಡರನ್ನು ಬ್ಲೇಡಿನಲ್ಲಿ ಕೆರೆದರು. ಗೀರು ಬಿದ್ದ ಕಡೆ ಮಾತ್ರ ಇವತ್ತಿಗೂ ಕರಣೆ ಕಚ್ಚಿಕೊಳ್ಳುತ್ತದೆ.

ಇದರಲ್ಲಿ ನನಗೆ ಕಂಡ ದೊಡ್ಡ ಕೊರತೆ ಕೋಟಿಂಗಿನಲ್ಲಿಲ್ಲ, ತಲೆಯ ಮೇಲಿನ ಕನೆಕ್ಟರಿನಲ್ಲಿದೆ. ಎರಡನೇ ಸೀಸನ್ನಿನ ಜನವರಿಯಲ್ಲಿ ರೀಡಿಂಗ್ ಎರಡು ದಿನ 7.0 ಬಿಟ್ಟು ಅಲ್ಲಾಡಲಿಲ್ಲ. ಎಲ್ಲರಿಗೂ ಖುಷಿ, ಕಂಟ್ರೋಲ್ ಎಷ್ಟು ಚೆನ್ನಾಗಿ ನಡೀತಿದೆ ಅಂತ. ಆದರೆ ಕ್ಲಾರಿಫೈಯರ್ (ಕೊಳೆ ತಳಕ್ಕೆ ಇಳಿಯುವ ತೊಟ್ಟಿ) ರಸ ಕೆಂಪಗಾಗುತ್ತಾ ಬಂದಿತ್ತು. ಅನುಮಾನ ಬಂದು ಸೆನ್ಸರ್ ತೆಗೆದು 4ರ ಬಫರಿನಲ್ಲಿ, ಅಂದರೆ ಪಿಎಚ್ 4 ಎಂದು ಗೊತ್ತಿರುವ ದ್ರಾವಣದಲ್ಲಿ, ಅದ್ದಿದೆ. ಆಗಲೂ 7 ತೋರಿಸಿತು. ಕನೆಕ್ಟರ್ ಬಿಚ್ಚಿದರೆ ಒಳಗೆ ಹಬೆಯ ಹನಿ.

ಗಾಜಿನ ಬಲ್ಬಿನ ರೆಸಿಸ್ಟೆನ್ಸ್ ನೂರಾರು ಮೆಗಾಓಮ್ ಇರುವುದರಿಂದ, ಕನೆಕ್ಟರಿನಲ್ಲಿ ಸ್ವಲ್ಪ ತೇವ ಬಂದರೂ ಸಿಗ್ನಲ್ ಶಾರ್ಟ್ ಆಗುತ್ತದೆ. ಶಾರ್ಟ್ ಆದರೆ ಸೊನ್ನೆ ಮಿಲಿವೋಲ್ಟ್. ಸೊನ್ನೆ ಮಿಲಿವೋಲ್ಟ್ ಅಂದರೆ ಮೀಟರಿನಲ್ಲಿ 7. ನಮಗೆ ಬೇಕಾದದ್ದೂ 7! ಕೆಟ್ಟ ಸೆನ್ಸರ್ ಸರಿಯಾಗಿರುವ ಹಾಗೆ ಕಾಣುತ್ತದೆ. ಡಿಸ್ಟಿಲರಿ, ಎಫ್ಲುಯೆಂಟ್ ಪ್ಲಾಂಟ್ (ಕೊಳೆನೀರು ಶುದ್ಧ ಮಾಡುವ ಘಟಕ), ಎಲ್ಲೇ ಆಗಲಿ, 7ರ ಹತ್ತಿರ ಕಂಟ್ರೋಲ್ ಮಾಡುವವರು ದಯವಿಟ್ಟು ಇದನ್ನು ನೆನಪಿಡಿ. ದಿನಕ್ಕೊಮ್ಮೆ ಲ್ಯಾಬ್ ಮೀಟರಿನ ಜೊತೆ ಹೋಲಿಸಿ ನೋಡಿ, ವಾರಕ್ಕೊಮ್ಮೆ 4ರ ಬಫರಿಗೆ ಅದ್ದಿ. ನಾವು ಆಮೇಲೆ ಜೋಡಣೆಗೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿದುಕೊಳ್ಳುವ ಕೊಳವೆ) ಹಾಕಿಸಿ, ಹಬೆ ತಾಗದ ಕಡೆ ಒಣ ಪೆಟ್ಟಿಗೆಯಲ್ಲಿಟ್ಟೆವು. ಅಲ್ಲಿಂದ ಈ ತೊಂದರೆ ಬಂದಿಲ್ಲ.

ಕೂರಿಸುವ ಜಾಗವನ್ನೂ ಬದಲಿಸಿದೆವು. ರಸ ನಿಂತಲ್ಲಿ ಅಲ್ಲ, ಜೋರಾಗಿ ಹರಿಯುವಲ್ಲಿ ಇಟ್ಟರೆ ಕರಣೆ ಅರ್ಧಕ್ಕೆ ಅರ್ಧ ಕಡಿಮೆ. ಪೂರ್ತಿ ಮಲಗಿಸಬೇಡಿ, ಕನಿಷ್ಠ 15 ಡಿಗ್ರಿ ಓರೆಯಾಗಿ ಬಲ್ಬ್ ಕೆಳಗಿರಲಿ, ಇಲ್ಲದಿದ್ದರೆ ಒಳಗಿನ ಗಾಳಿಗುಳ್ಳೆ ಬಲ್ಬಿನಲ್ಲಿ ಕೂತು ರೀಡಿಂಗ್ ಕೆಡಿಸುತ್ತದೆ. ಸೀಸನ್ ಮುಗಿದ ಮೇಲೆ ತುದಿಯನ್ನು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ ಟೋಪಿಯಲ್ಲಿ ಇಡಿ. ಡಿಸ್ಟಿಲ್ಡ್ ವಾಟರ್ ಬೇಡ, ಅದು ಒಳಗಿನ ಉಪ್ಪನ್ನು ಎಳೆದುಕೊಳ್ಳುತ್ತದೆ.

ಹೊಸದರಲ್ಲಿ 98 ಶೇಕಡಾ ಇದ್ದ ಸ್ಲೋಪ್, ಅಂದರೆ ಪಿಎಚ್ ಬದಲಾದಾಗ ಸೆನ್ಸರ್ ಕೊಡಬೇಕಾದ ವೋಲ್ಟೇಜಿನಲ್ಲಿ ನಿಜಕ್ಕೂ ಕೊಡುವ ಪಾಲು, ಮೂರನೇ ಸೀಸನ್ ಮುಗಿದಾಗ 87ಕ್ಕೆ ಬಂದಿತ್ತು. 85ಕ್ಕಿಂತ ಕೆಳಗೆ ಹೋದರೆ ನಾನು ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಇದನ್ನು ಬದಲಿಸುವ ಹೊತ್ತು ಬಂದಿದೆ. ಹೊಳೆ ದಂಡೆಯಲ್ಲಿ ಈಗ ಕಬ್ಬು ಎದೆಮಟ್ಟ ಇದೆ, ಬಾಯ್ಲರಿಗೆ ಬೆಂಕಿ ಹಾಕುವ ಮೊದಲು ಇದೇ ಮಾದರಿಯ ಎರಡು ಸೆನ್ಸರ್ ತರಿಸಲು ಬರೆದಿದ್ದೇನೆ. ಈ ಸಲ ಕೇಬಲ್ ಫ್ಯಾಕ್ಟರಿಯಲ್ಲೇ ಮುಚ್ಚಿ ಬಂದಿರುವುದೇ ಬೇಕು ಅಂತ ಆರ್ಡರಿನಲ್ಲಿ ಕೆಂಪು ಇಂಕಿನಲ್ಲಿ ಸೇರಿಸಿದ್ದೇನೆ.