ನಾಲ್ಕು ಹೆಡ್‌ಫೋನ್, ಒಂದೇ ಜೊತೆ ಕಿವಿ: ಬೇಸ್ ರುಚಿ ಬದಲಾದದ್ದು ನಿಜವೇ?

"ಮಾಮ, ಇದರಲ್ಲಿ ಡ್ರಮ್ ಎಲ್ಲಿ ಹೋಯಿತು?" ಎಂದು ಕೇಳಿದ ಅಕ್ಕನ ಮಗ. ಅವನ ತಲೆಯ ಮೇಲಿದ್ದದ್ದು ನಾನು ತಿಂಗಳುಗಟ್ಟಲೆ ಲೆಕ್ಕ ಹಾಕಿ ಕೊಂಡಿದ್ದ ಸೆನ್‌ಹೈಸರ್ ಎಚ್‌ಡಿ 600. ಅವನಿಗೆ ಇಪ್ಪತ್ತು, ನನಗೆ ನಲವತ್ತೈದು. "ಡ್ರಮ್ ಇರುವ ಕಡೆಯೇ ಇದೆ, ನಿನ್ನ ಕಿವಿಗೆ ಬೇಸ್ ಚಟ ಹತ್ತಿದೆ" ಎಂದು ಹಿರಿಯನ ಗತ್ತಿನಲ್ಲಿ ಹೇಳಿಬಿಟ್ಟೆ. ಬೇಸ್ ಎಂದರೆ ಸಂಗೀತದ ತಗ್ಗಿನ, ಗುಡುಗುವ ಸದ್ದು. ಆ ರಾತ್ರಿ ಕಪಾಟಿನ ಕೆಳಗಿನ ಖಾನೆಯಿಂದ ನನ್ನ ಮೊದಲ ಹೆಡ್‌ಫೋನ್ ಹೊರತೆಗೆದು ಹಾಕಿಕೊಂಡಾಗ ಸ್ವಲ್ಪ ನಾಚಿಕೆಯಾಯಿತು. ಮೂವತ್ತರ ಹೊಸ್ತಿಲಲ್ಲಿ ನಾನು ಹುಡುಕಿಕೊಂಡು ಹೋಗಿ ತಂದದ್ದು ಇದೇ ಗುಡುಗನ್ನು.

ಹೀಗಾಗಿ ಮನೆಯಲ್ಲಿದ್ದ ನಾಲ್ಕನ್ನೂ ಮೇಜಿನ ಮೇಲಿಟ್ಟುಕೊಂಡು ಮೂರು ವಾರ ಕೇಳಿದೆ. ಕೇಳಲು ಆರಿಸಿಕೊಂಡದ್ದು ಮೂರು ತುಣುಕು: ಒಂದು ಕಛೇರಿಯ ಮೃದಂಗದ ತನಿ ಆವರ್ತನ (ತಾಳವಾದ್ಯ ಒಂಟಿಯಾಗಿ ನುಡಿಯುವ ಭಾಗ), ಎಂಬತ್ತರ ದಶಕದ ಒಂದು ಚಿತ್ರಗೀತೆ, ಸೋದರಳಿಯ ಕೊಟ್ಟ ಒಂದು ಎಲೆಕ್ಟ್ರಾನಿಕ್ ನೃತ್ಯ ಸಂಗೀತ. ಪ್ರತಿ ಸಲವೂ ಚಿತ್ರಗೀತೆಯ ಗಾಯಕಿಯ ದನಿ ಒಂದೇ ಮಟ್ಟದಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿದೆ. ಇದನ್ನು ಮಾಡದೆ ಹೆಡ್‌ಫೋನ್ ಹೋಲಿಸಲು ಕೂರುವುದೇ ವ್ಯರ್ಥ. ಗಟ್ಟಿಯಾಗಿ ನುಡಿಯುವುದನ್ನೇ ಚೆನ್ನಾಗಿ ನುಡಿಯುತ್ತದೆ ಎಂದು ನಂಬುವಷ್ಟು ಕಿವಿ ಮುಗ್ಧ.

ಮೊದಲನೆಯದು 2009ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದದ್ದು. ಡಬ್ಬಿಯ ಮೇಲೆ 'ಬೇಸ್' ಎಂಬ ಪದವೇ ಮೂರು ಕಡೆ ಇತ್ತು. ಎರಡು ವರ್ಷಕ್ಕೆ ಮೆತ್ತೆಯ ಸಿಪ್ಪೆ ಸುಲಿದು ಕಪ್ಪು ಪುಡಿ ಕೆನ್ನೆಗೆಲ್ಲ ಅಂಟತೊಡಗಿತು, ಕಂಪನಿಗೆ ಬರೆದ ದೂರಿಗೆ ಉತ್ತರ ಬರಲಿಲ್ಲ. ಹೆಸರು ಬೇಡ, ಈಗ ಹೊಸ ಮೆತ್ತೆ ಹಾಕಿದ್ದೇನೆ. ಇದರಲ್ಲಿ ಮೃದಂಗ ಕೇಳಿದರೆ ಎಡಗಡೆಯ ಥೋಂಕಾರವೇ ಕಛೇರಿ ನಡೆಸುತ್ತದೆ. ರವೆ ಹಚ್ಚಿದ ಆ ಮುಖದ ಗುಂಗು ಬಲಗೈ ಬೆರಳಿನ ಸಣ್ಣ ಕೆಲಸವನ್ನೆಲ್ಲ ನುಂಗಿಬಿಡುತ್ತದೆ. ಇದಕ್ಕೆ ಕಾರಣ ಕಿವಿಯ ರಚನೆಯಲ್ಲೇ ಇದೆ. ತಗ್ಗಿನ ಸದ್ದು ಗಟ್ಟಿಯಾದರೆ ತನಗಿಂತ ಮೇಲಿನ ಸದ್ದುಗಳನ್ನು ಮುಚ್ಚಿಹಾಕುತ್ತದೆ. ಮೇಲಿನದಕ್ಕೆ ಕೆಳಗಿನದನ್ನು ಮುಚ್ಚುವ ಶಕ್ತಿ ಅಷ್ಟಿಲ್ಲ.

ಆದರೂ ಅಂದು ಇದು ಅಮೃತದಂತೆ ಕೇಳುತ್ತಿತ್ತು. ಏಕೆಂದರೆ ಕೇಳುತ್ತಿದ್ದದ್ದು ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗುವ ಬಸ್ಸಿನಲ್ಲಿ, ಎಂಜಿನ್ನಿನ ಪಕ್ಕದ ಸೀಟಿನಲ್ಲಿ. ಎಂಜಿನ್ನಿನ ಗುರುಗುಟ್ಟುವಿಕೆ ಬಹುಪಾಲು ತಗ್ಗಿನ ಸದ್ದೇ, ಹಾಡಿನ ಬೇಸನ್ನು ಅದು ಮೊದಲು ತಿನ್ನುತ್ತದೆ. ತಿಂದು ಉಳಿದದ್ದು ನನ್ನ ಕಿವಿಗೆ ಸರಿಯಾಗಿ ಸಾಲುತ್ತಿತ್ತು. ನನ್ನ ಅಭಿರುಚಿ ಎಂದು ಹೇಳಿಕೊಂಡು ತಿರುಗುತ್ತಿದ್ದದ್ದರಲ್ಲಿ ಅರ್ಧ ಪಾಲು ಬಸ್ಸಿನದು.

ಇನ್ನೊಂದು ವಿಷಯ ಈ ಮೂರು ವಾರದಲ್ಲೇ ಹೊಳೆದದ್ದು. ಮೂವತ್ತೆಂಟಕ್ಕೆ ನನಗೆ ಕನ್ನಡಕ ಬಂತು. ಅದೇ ಸುಮಾರಿಗೆ ಈ ಹೆಡ್‌ಫೋನಿನ ಬೇಸ್ ಸಪ್ಪೆ ಎನ್ನಿಸಲು ಶುರುವಾಗಿ, ಒಳಗೆ ಸದ್ದು ಹೊರಡಿಸುವ ಡ್ರೈವರ್ ಹಾಳಾಯಿತು ಎಂದು ಮೂಲೆಗೆ ಹಾಕಿದ್ದೆ. ಮೊನ್ನೆ ಕೇಳುತ್ತಿದ್ದಾಗ ಬೆವರು ಒರೆಸಲೆಂದು ಕನ್ನಡಕ ತೆಗೆದೆ, ಥೋಂ ಎಂದು ಹಳೆಯ ಗುಡುಗು ಒಳಗೆ ಬಂತು. ಕನ್ನಡಕ ಹಾಕಿದೆ, ಹೋಯಿತು. ತೆಗೆದೆ, ಬಂತು. ಕನ್ನಡಕದ ಕಡ್ಡಿ ಮೆತ್ತೆಗೂ ತಲೆಗೂ ನಡುವೆ ಒಂದು ಸಂದು ಬಿಡಿಸಿತ್ತು. ಮುಚ್ಚಿದ ಹೆಡ್‌ಫೋನಿನಲ್ಲಿ ಆ ಸಂದಿನಿಂದ ಮೊದಲು ಸೋರುವುದು ಬೇಸ್. ಏಳು ವರ್ಷ ಒಂದು ನಿರಪರಾಧಿ ಹೆಡ್‌ಫೋನನ್ನು ಕತ್ತಲೆಯಲ್ಲಿ ಇಟ್ಟಿದ್ದೆ.

ಎಚ್‌ಡಿ 600 ಇದಕ್ಕೆ ಪೂರ್ತಿ ವಿರುದ್ಧ ದಿಕ್ಕು. 1997ರ ಮಾದರಿ, ಬೆನ್ನಿನ ಕಡೆ ಬರೀ ಜಾಲರಿ, 300 ಓಮ್‌ನ ರೋಧ. ಮೊಬೈಲಿಗೆ ನೇರ ಚುಚ್ಚಿದರೆ ದನಿ ಮೇಲೇಳುವುದಿಲ್ಲ, ಒಂದು ಸಣ್ಣ ಆಂಪ್ಲಿಫೈಯರ್ ಬೇಕು. ಇಂಥ ತೆರೆದ ವಿನ್ಯಾಸಗಳಲ್ಲಿ ತೀರಾ ಕೆಳಗಿನ ಬೇಸ್ ಜಾರಿಹೋಗುವುದು ಸಾಮಾನ್ಯ, ಇದೂ ಹೊರತಲ್ಲ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ, ಎಂದರೆ ಸೆಕೆಂಡಿಗೆ 41 ಸಲ, ಮಿಡಿಯುತ್ತದೆ. ಆ ಮಿಡಿತ ಹಳೆಯದರಲ್ಲಿ ದವಡೆಗೆ ತಾಗಿದರೆ ಇದರಲ್ಲಿ ಸುದ್ದಿಯಷ್ಟೇ ಬರುತ್ತದೆ. ಸೋದರಳಿಯನ ನೃತ್ಯ ಸಂಗೀತದ ಮಟ್ಟಿಗೆ ಅವನ ದೂರು ನೂರಕ್ಕೆ ನೂರು ನ್ಯಾಯ.

ಆದರೆ ತನಿ ಆವರ್ತನವನ್ನು ಇದರಲ್ಲಿ ಕೇಳಬೇಕು. ಎಡಗೈಯ ಮಣಿಕಟ್ಟನ್ನು ಚರ್ಮದ ಮೇಲೆ ಒತ್ತಿ ಜಾರಿಸುವ ಗುಮ್ಕಿ ಹಳೆಯದರಲ್ಲಿ ಒಂದೇ ಉಂಡೆಯಾಗಿ ಕೇಳುತ್ತಿತ್ತು. ಇಲ್ಲಿ ಅದು ಎಲ್ಲಿ ಹೊರಟು ಎಷ್ಟು ಮೇಲೇರಿ ಎಲ್ಲಿ ನಿಂತಿತು ಎಂಬುದೆಲ್ಲ ಕೇಳುತ್ತದೆ. ಬೇಸ್ ಕಡಿಮೆಯಾದ ಮೇಲೆ ಬೇಸ್‌ನೊಳಗಿನ ಸ್ವರ ತಿಳಿಯಿತು ಎಂದರೆ ವಿಚಿತ್ರವೆನ್ನಿಸಬಹುದು, ಆದದ್ದು ಹಾಗೆಯೇ. ಇದು ತಕ್ಷಣ ಆದದ್ದೂ ಅಲ್ಲ. ಕೊಂಡ ಮೊದಲ ವಾರ ದುಡ್ಡು ಹೋಯಿತೆಂದು ಕೊರಗಿದ್ದೆ. ಹತ್ತು ದಿನ ಕಳೆದ ಮೇಲೆ ಹಳೆಯದು ಕಂಬಳಿ ಹೊದ್ದು ಹಾಡಿದಂತೆ ಕೇಳಿತು. ಈಗಲೂ ಹಳೆಯದನ್ನು ತೆಗೆದು ಇದನ್ನು ಹಾಕಿದ ಮೊದಲ ಐದು ನಿಮಿಷ ಇದು ಬಡಕಲು. ಇಪ್ಪತ್ತು ನಿಮಿಷಕ್ಕೆ ಮೈ ತುಂಬಿಕೊಳ್ಳುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿ ಆರಿಸುವವರು ಬಹುತೇಕ ಹೆಚ್ಚು ಬೇಸ್‌ನದನ್ನೇ ಮನೆಗೆ ಒಯ್ಯುವುದರಲ್ಲಿ ಆಶ್ಚರ್ಯವಿಲ್ಲ.

ಕಾಸ್ ಪೋರ್ಟಾಪ್ರೊ ಬಗ್ಗೆ ಹೆಚ್ಚು ಹೇಳುವುದಿಲ್ಲ. 1984ರಲ್ಲಿ ಬಂದ ಮಡಚುವ ತಂತಿಯ ಹಗುರ ಹೆಡ್‌ಫೋನ್, ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಸಿಗುತ್ತದೆ. ಬೆಚ್ಚಗಿನ, ಸ್ವಲ್ಪ ಉಬ್ಬಿದ ಬೇಸ್. ಹಳೆಯ ಚಿತ್ರಗೀತೆಗೆ ಇದಕ್ಕಿಂತ ಹಿತವಾದ ಜೋಡಿ ನನ್ನ ಬಳಿ ಇಲ್ಲ. ಸೋದರಳಿಯ, ನಾನು ಇಬ್ಬರೂ ಜಗಳವಿಲ್ಲದೆ ಒಪ್ಪಿದ್ದು ಇದೊಂದನ್ನೇ.

ನಾಲ್ಕನೆಯದು ಬ್ಲೂಟೂತ್‌ನದು, ಹೊರಗಿನ ಗದ್ದಲ ತಗ್ಗಿಸುವ ಸೌಲಭ್ಯವುಳ್ಳದ್ದು. ಈ ಸೌಲಭ್ಯ ಚೆನ್ನಾಗಿ ಕೆಲಸ ಮಾಡುವುದು ತಗ್ಗಿನ ಸದ್ದಿನ ಮೇಲೆಯೇ. ಹಾಗಾಗಿ ಬಸ್ಸು ಈಗ ನನ್ನ ಬೇಸನ್ನು ಮೊದಲಿನಷ್ಟು ತಿನ್ನಲಾರದು. ಇದರ ನಾದಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಈಕ್ವಲೈಜರ್, ಎಂದರೆ ತಗ್ಗಿನ ಸದ್ದು, ಮೇಲಿನ ಸದ್ದುಗಳನ್ನು ಬೇರೆಬೇರೆಯಾಗಿ ಹೊಂದಿಸುವ ಸೌಲಭ್ಯ. ಒಂದೇ ಹೆಡ್‌ಫೋನಿನಲ್ಲಿ ಬೇಸ್ ಮಾತ್ರ ಏರಿಸಿ ಇಳಿಸಬಹುದಾದ್ದರಿಂದ ಮೆತ್ತೆ, ತೂಕ, ಬೆಲೆ, ಬ್ರ್ಯಾಂಡಿನ ಮೋಹ ಯಾವುದೂ ನಡುವೆ ಬರುವುದಿಲ್ಲ.

ಒಂದು ಭಾನುವಾರ ಸೋದರಳಿಯನನ್ನು ಕೂರಿಸಿಕೊಂಡೆ. ಮೊಬೈಲಿನ ಪರದೆಯಲ್ಲಿ ಅಂಕಿ ಕಾಣುವ ಜಾಗಕ್ಕೆ ಬಸ್ ಟಿಕೆಟ್ ಅಂಟಿಸಿದೆ. ಕಣ್ಣಿಗೆ ಅಂಕಿ ಬಿದ್ದರೆ ಕಿವಿ ಕೆಲಸ ಬಿಡುತ್ತದೆ. ಅವನು ತನಗೆ ಇಷ್ಟವಾದ ವಾಲ್ಯೂಮಿನಲ್ಲಿ ಐದು ಸಲ ಬೇಸ್ ಹೊಂದಿಸಿದ. ಟಿಕೆಟ್ ಎತ್ತಿ ನೋಡಿದರೆ ಬೇಸ್ ಏರಿಸಿದ್ದು ಐದೂ ಸಲ 7 ಡೆಸಿಬಲ್‌ನ ಆಸುಪಾಸು. ನಾನು ರಾತ್ರಿ ಮಂದಿ ಮಲಗಿದ ಮೇಲೆ ಕೇಳುವ ನನ್ನ ವಾಲ್ಯೂಮಿನಲ್ಲಿ ಹೊಂದಿಸಿದೆ: 6. ಟಿಕೆಟ್ ಎತ್ತಿದ ಅವನು ನನ್ನ ಮುಖ ನೋಡಿದ. ಬೇಸ್ ಚಟದ ಬಗ್ಗೆ ಉಪದೇಶ ಮಾಡಿದ ಮಾಮನ ಅಂಕಿ ಅವನದಕ್ಕಿಂತ ಒಂದೇ ಒಂದು ಕಡಿಮೆ.

ಆಮೇಲೆ ಇಬ್ಬರೂ ವಾಲ್ಯೂಮ್ ಅದಲುಬದಲು ಮಾಡಿಕೊಂಡೆವು. ಅವನ ಗಟ್ಟಿ ವಾಲ್ಯೂಮಿನಲ್ಲಿ ನನಗೆ ಸಾಕೆನ್ನಿಸಿದ್ದು 2 ಅಥವಾ 3. ನನ್ನ ಮೆಲುದನಿಯಲ್ಲಿ ಅವನು ಕೊನೆಯ ಗೆರೆ, 10ರವರೆಗೂ ತಳ್ಳಿ "ಇನ್ನೂ ಇಲ್ಲವೇ ಮಾಮ?" ಎಂದ.

ಇದರ ಹಿಂದಿರುವುದು 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್‌ಸನ್ ಪ್ರಕಟಿಸಿದ ಸಂಗತಿ. ಸದ್ದು ಮೆಲ್ಲಗಾದಷ್ಟೂ ನಮ್ಮ ಕಿವಿ ತಗ್ಗಿನ ಕಂಪನಗಳಿಗೆ ಮಂದವಾಗುತ್ತದೆ. 40 ಡೆಸಿಬಲ್‌ನ 1000 ಹರ್ಟ್ಸ್ ಸ್ವರದಷ್ಟೇ ಗಟ್ಟಿಯಾಗಿ 100 ಹರ್ಟ್ಸ್‌ನ ಸ್ವರ ಕೇಳಬೇಕಾದರೆ ಅದಕ್ಕೆ 20 ಡೆಸಿಬಲ್‌ಗೂ ಹೆಚ್ಚು ಒತ್ತಾಸೆ ಬೇಕು. 80 ಡೆಸಿಬಲ್ ಮಟ್ಟದಲ್ಲಾದರೆ ಹದಿನೈದರ ಒಳಗೇ ಸಾಕು. ಹಳೆಯ ಟೇಪ್ ರೆಕಾರ್ಡರ್‌ಗಳಲ್ಲಿದ್ದ 'ಲೌಡ್‌ನೆಸ್' ಗುಂಡಿ ಇದ್ದದ್ದು ಇದಕ್ಕೇ. ನಮ್ಮ ಮನೆಯಲ್ಲಿ ಅದನ್ನು ಹಗಲೂ ರಾತ್ರಿ ಒತ್ತಿಯೇ ಇಡುತ್ತಿದ್ದೆವು.

ಹಾಗೆಂದು ವಯಸ್ಸಿನ ಪಾಲಿಲ್ಲ ಎನ್ನಲಾಗದು. ಒಂದೇ ವಾಲ್ಯೂಮಿನಲ್ಲಿ ನಮ್ಮಿಬ್ಬರ ನಡುವೆ ನಾಲ್ಕು ಡೆಸಿಬಲ್‌ನ ಅಂತರ ಉಳಿದೇ ಇತ್ತು. ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 249 ಮಂದಿ ಕೇಳುಗರಿಂದ ಇದೇ ರೀತಿ ಬೇಸ್ ಮತ್ತು ಟ್ರೆಬಲ್ (ಮೇಲಿನ ಸದ್ದು) ಹೊಂದಿಸಿ ನೋಡಿದ್ದರು. ಕಿರಿಯರೂ ಕೇಳ್ಮೆಯ ಅಭ್ಯಾಸ ಕಡಿಮೆಯಿದ್ದವರೂ ಸರಾಸರಿಯಲ್ಲಿ ಹೆಚ್ಚು ಬೇಸ್ ಕೇಳಿದ್ದರು. ಇಲ್ಲಿ ವಯಸ್ಸು, ಅಭ್ಯಾಸ ಎರಡೂ ಇವೆ ಎಂಬುದನ್ನು ಗಮನಿಸಬೇಕು. ನನ್ನ ವಿಷಯದಲ್ಲಿ ಅಭ್ಯಾಸದ್ದೇ ದೊಡ್ಡ ಪಾಲು ಎಂಬುದು ನನ್ನ ಅನುಮಾನ, ಎಚ್‌ಡಿ 600 ಹತ್ತು ದಿನದಲ್ಲಿ ಮಾಡಿದ್ದನ್ನು ನೋಡಿದರೆ. ಬೇಸ್ ಕಡಿಮೆ ಮಾಡಿಕೊಂಡವರು ಬುದ್ಧಿ ಬಲಿತವರು ಎಂಬ ಆಡಿಯೊ ಪ್ರಿಯರ ಠೇಂಕಾರವನ್ನಂತೂ ನಾನಿನ್ನು ಒಪ್ಪುವುದಿಲ್ಲ. ಅವರನ್ನು ಮೆಲುದನಿಯಲ್ಲಿ ಕೂರಿಸಿ, ಅಂಕಿಗೆ ಟಿಕೆಟ್ ಅಂಟಿಸಿ ನೋಡಬೇಕು.

ಒಂದನ್ನೇ ಕೊಳ್ಳುವವರು ಈಕ್ವಲೈಜರ್ ಇರುವ ನಾಲ್ಕನೆಯ ಬಗೆಯದನ್ನು ಕೊಳ್ಳಲಿ. ಶಾಂತವಾದ ಕೋಣೆ, ಕುಳಿತು ಕೇಳುವ ವ್ಯವಧಾನ ಎರಡೂ ಇದ್ದವರಿಗೆ ಎಚ್‌ಡಿ 600, ಅದೂ ಕನಿಷ್ಠ ಎರಡು ವಾರ ಕೈಯಲ್ಲಿಟ್ಟುಕೊಂಡ ಮೇಲೆ. ಸಂಜೆ ತನಿ ಆವರ್ತನಕ್ಕೆ ನನ್ನದು ಈಗಲೂ ಅದೇ.

ರಾತ್ರಿ ಹನ್ನೊಂದಕ್ಕೆ ಮಾತ್ರ ಬದಲಾವಣೆ. ದೀಪ ಆರಿಸಿ, ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟು, ವಾಲ್ಯೂಮ್ ನಾಲ್ಕೇ ಗೆರೆಗೆ ಇಳಿಸಿ, ಎಸ್.ಪಿ. ರಸ್ತೆಯ ಹಳೆಯದನ್ನು ಹಾಕಿಕೊಳ್ಳುತ್ತೇನೆ.