ಸ್ವಂತ ಕೊಬ್ಬರಿ ಕೊಟ್ಟು ಎಣ್ಣೆ ಮಾಡಿಸುವುದು: ಉಡುಪಿ ಕಡೆಯ ಮಿಲ್ಲುಗಳು ಹೇಗೆ?

ಉಡುಪಿ ಸುತ್ತಮುತ್ತ ನಾಲ್ಕು ತೆಂಗಿನ ಮರ ಇದ್ದವರು ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಕೂಲಿಗೆ ಎಣ್ಣೆ ಮಾಡಿಸುತ್ತಾರೆ. ಸೇವೆ ಒಟ್ಟಿನಲ್ಲಿ ಒಳ್ಳೆಯದೇ. ಎಣ್ಣೆ ಕಮಟಿದಾಗ ಮಿಲ್ಲಿನವರನ್ನು ಬೈಯುವುದುಂಟು, ಆದರೆ ಹೆಚ್ಚಿನ ಸಲ ತಪ್ಪು ನಮ್ಮ ಅಂಗಳದಲ್ಲೇ ಆಗಿರುತ್ತದೆ.

ಹಸಿ ಕಾಯಿಯಲ್ಲಿ ಅರ್ಧದಷ್ಟು ನೀರು. ಮಿಲ್ಲಿಗೆ ಹೋಗುವಾಗ ಅದು ಶೇ. 6ರ ಆಸುಪಾಸಿಗೆ ಇಳಿದಿರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿಗೆ ಸುಮಾರು ಒಂದು ವಾರ ಸಾಕು, ರಾತ್ರಿ ಮಂಜು ಬೀಳದಂತೆ ಒಳಗಿಡಬೇಕು ಅಷ್ಟೆ. ತುಂಡನ್ನು ಬಗ್ಗಿಸಿದರೆ ಬಳುಕಬಾರದು, ಪಟ್ಟನೆ ಮುರಿಯಬೇಕು. ಹಸಿರು ಅಥವಾ ಹಳದಿ ಬೂಸ್ಟು ಹಿಡಿದ ಗಡಿಯನ್ನು ಕೆರೆದು ಸೇರಿಸುವ ಜಾಣತನ ಬೇಡ. ಅಫ್ಲಟಾಕ್ಸಿನ್ ಎಂಬ ವಿಷ ಮೇಲ್ಪದರದಲ್ಲೇ ನಿಲ್ಲುವುದಿಲ್ಲ, ಹಿಂಡಿಯ ಮೂಲಕ ದನದ ಹೊಟ್ಟೆಗೂ ಹೋಗುತ್ತದೆ. ಕೊಬ್ಬರಿ ಕೊಂಡು ಮಾಡಿಸುವವರಿಗೆ ಇನ್ನೊಂದು ಮಾತು: ವಿಪರೀತ ಬೆಳ್ಳಗಿದ್ದರೆ ಗಂಧಕದ ಹೊಗೆ ಕೊಟ್ಟದ್ದೋ ಎಂದು ಮೂಸಿ ನೋಡಿ.

ಮಿಲ್ಲಿನಲ್ಲಿ ಮೊದಲು ಕೇಳಬೇಕಾದ್ದು ನಮ್ಮ ಕೊಬ್ಬರಿಯದ್ದೇ ಎಣ್ಣೆ ಸಿಗುತ್ತದೋ, ಇಲ್ಲ ತೂಕ ನೋಡಿ ಡ್ರಮ್ಮಿನಿಂದ ಅಳೆದು ಕೊಡುತ್ತಾರೋ ಎಂದು. ಐದಾರು ಕೆ.ಜಿ. ಒಯ್ದರೆ ಎರಡನೆಯದೇ ಆಗುವ ಸಂಭವ ಹೆಚ್ಚು. ನೆರೆಮನೆಯವರೊಂದಿಗೆ ಸೇರಿಸಿ ದೊಡ್ಡ ಪ್ರಮಾಣ ಮಾಡಿಕೊಂಡು, ಯಂತ್ರದ ಪಕ್ಕದಲ್ಲೇ ನಿಲ್ಲುವುದು ವಾಸಿ. ಒಳ್ಳೆಯ ಕೊಬ್ಬರಿ 10 ಕೆ.ಜಿ.ಗೆ 6 ಕೆ.ಜಿ. ಎಣ್ಣೆಯಾದರೂ ಬರಬೇಕು. ಲೀಟರಿನಲ್ಲಿ ಅದು ಆರೂವರೆ. ಜಗಳ ಹುಟ್ಟುವುದು ಇಲ್ಲೇ, ಅವರದು ಕೆ.ಜಿ. ಲೆಕ್ಕ, ನಮ್ಮದು ಬಾಟಲಿ ಲೆಕ್ಕ. ಹಿಂಡಿ ಯಾರಿಗೆ ಎನ್ನುವುದನ್ನೂ ಕೂಲಿ ಮಾತಾಡುವಾಗಲೇ ತೀರ್ಮಾನಿಸಿ. ಮನೆಗೆ ತಂದ ಎಣ್ಣೆ ಮೂರು ನಾಲ್ಕು ದಿನ ಅಲ್ಲಾಡದೆ ನಿಂತು ಮಡ್ಡಿ ತಳಕ್ಕಿಳಿಯಲಿ. ಮೇಲಿನ ತಿಳಿಯನ್ನಷ್ಟೇ ಬಸಿದು, ಪೂರ್ತಿ ಒಣಗಿದ ಸ್ಟೀಲ್ ಡಬ್ಬಕ್ಕೆ ತುಂಬಿಸಿ.

ತಲೆಗೆ ಹಚ್ಚುವ ಎಣ್ಣೆ ಕಾಯಿಸುವವರು ಇದೇ ತಿಳಿಯನ್ನು ಬಳಸಲಿ. ಆಯುರ್ವೇದದ ಲೆಕ್ಕ 1 ಲೀಟರ್ ಎಣ್ಣೆಗೆ 4 ಲೀಟರ್ ರಸ, ಕಾಲು ಕೆ.ಜಿ. ಅರೆದ ಸೊಪ್ಪು. ಗರುಗ, ಒಂದೆಲಗ ಎರಡಿದ್ದರೆ ಸಾಕು. ಉರಿ ಸಣ್ಣದಿರಲಿ. ಬತ್ತಿ ಅದ್ದಿ ಹಚ್ಚಿದಾಗ ಚಟಪಟ ಎಂದರೆ ನೀರು ಇನ್ನೂ ಇದೆ; ಆ ಸ್ಥಿತಿಯಲ್ಲಿ ಇಳಿಸಿದ ಎಣ್ಣೆ ಮಳೆಗಾಲ ದಾಟುವುದಿಲ್ಲ.

ಸಾಬೂನಿಗೆ ಮಾತ್ರ ಎಣ್ಣೆಯನ್ನು ತೂಗಿಯೇ ತೆಗೆದುಕೊಳ್ಳಬೇಕು. 1 ಕೆ.ಜಿ. ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೂ ಹಾಕಿದರೆ ಚರ್ಮ ಬಿರಿಯುತ್ತದೆ. 146 ಗ್ರಾಂಗೆ ನಿಲ್ಲಿಸಿದರೆ ಐದನೇ ಒಂದು ಪಾಲು ಎಣ್ಣೆ ಹಾಗೇ ಉಳಿದು ಮೈಗೆ ಹಿತ. ಸೋಡಾವನ್ನು 350 ಮಿ.ಲೀ. ತಣ್ಣೀರಿಗೆ ನಿಧಾನವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕೈಗವಸು, ಕನ್ನಡಕ, ತೆರೆದ ಕಿಟಕಿ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ, ಸ್ಟೀಲ್ ಇರಲಿ. ತೆಂಗಿನೆಣ್ಣೆ ಸಾಬೂನು ಬೇಗ ಗಟ್ಟಿಯಾಗುವುದರಿಂದ ಅದೇ ದಿನ ಕತ್ತರಿಸದಿದ್ದರೆ ಪುಡಿಯಾಗುತ್ತದೆ. ಬಳಕೆಗೆ ಮುಂಚೆ ಕನಿಷ್ಠ ನಾಲ್ಕು ವಾರ ಗಾಳಿಯಾಡಲಿ. ಮಲ್ಪೆ, ಉಳ್ಳಾಲದ ಕಡೆ ಬಾವಿ ನೀರು ಉಪ್ಪಾದವರಿಗೆ ಇದು ಹೇಳಿ ಮಾಡಿಸಿದ್ದು, ಉಪ್ಪು ನೀರಿನಲ್ಲೂ ನೊರೆ ಕೊಡುತ್ತದೆ.

ಮರದ ಗಾಣದ ಎಣ್ಣೆಗೆ ದುಬಾರಿ ಬೆಲೆ ಕೊಟ್ಟು ಅದರಲ್ಲಿ ಸಾಬೂನು ಮಾಡುವವರೂ ಇದ್ದಾರೆ. ಸೋಡಾ ಬಿದ್ದ ಮೇಲೆ ಗಾಣದ ಘಮ ಹೆಚ್ಚೇನೂ ಉಳಿಯುವುದಿಲ್ಲ. ಗಾಣದ್ದನ್ನು ಒಗ್ಗರಣೆಗೂ ಉಪ್ಪಿನಕಾಯಿ ಜೊತೆಯ ಗಂಜಿಗೂ ಇಟ್ಟುಕೊಂಡು, ಸಾಬೂನಿಗೆ ಮಿಲ್ಲಿನದ್ದೇ ಬಳಸಿ.