ಯೀಸ್ಟ್ ಸ್ಟಾರ್ಟರ್ ಕಿಟ್: ಬೆಳೆಸೋಕೆ ಸೈ, ಕೂಡಿಡೋಕೆ ಅರೆಬರೆ

ಸ್ಟಾರ್ಟರ್ ಅಂದರೆ ಬಿಯರ್‌ಗೆ ಹಾಕುವ ಮುಂಚೆ ಯೀಸ್ಟನ್ನು ಸ್ವಲ್ಪ ಮಾಲ್ಟ್ ದ್ರವದಲ್ಲಿ ಬೆಳೆಸಿಕೊಳ್ಳೋದು. ದ್ರವ ಯೀಸ್ಟ್ ಬಳಸಿ ಮನೆಯಲ್ಲಿ ಬಿಯರ್ ಮಾಡುವವರಿಗೆ ಈ ಕಿಟ್ ತಕ್ಕುದು. ಒಣ ಯೀಸ್ಟ್ ಬಳಸುವವರಿಗೆ ಬೇಕಿಲ್ಲ. ಒಣ ಯೀಸ್ಟ್ ಪೊಟ್ಟಣದಲ್ಲಿ ಕೋಶಗಳು ಸಾಕಷ್ಟಿರುತ್ತವೆ, ತಮಗೆ ಬೇಕಾದ ಪೋಷಣೆಯನ್ನೂ ಅವು ಒಳಗೇ ಕೂಡಿಟ್ಟುಕೊಂಡಿರುತ್ತವೆ. ಸ್ಟಾರ್ಟರ್‌ಗೆ ಹಾಕಿದರೆ ಆ ದಾಸ್ತಾನು ಅಲ್ಲೇ ಖರ್ಚಾಗುತ್ತದೆ, ಅಷ್ಟೇ.

ಪೆಟ್ಟಿಗೆಯಲ್ಲಿ ಇರೋದು 2 ಲೀಟರ್‌ನ ಬೋರೋಸಿಲಿಕೇಟ್ ಫ್ಲಾಸ್ಕ್, ಮ್ಯಾಗ್ನೆಟಿಕ್ ಸ್ಟರರ್, ಎರಡು ಸ್ಟರ್ ಬಾರ್ (ಫ್ಲಾಸ್ಕಿನೊಳಗೆ ತಿರುಗುವ ಮ್ಯಾಗ್ನೆಟ್ ಕಡ್ಡಿ), ಏರ್‌ಲಾಕ್ (ಅನಿಲ ಹೊರಬಿಟ್ಟು ಹೊರಗಾಳಿ ತಡೆಯುವ ಕವಾಟ) ಸಿಕ್ಕಿಸಿದ ರಬ್ಬರ್ ಬಿರಡೆ, ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್, ಮುಚ್ಚಳವಿರುವ ಪ್ಲಾಸ್ಟಿಕ್ ಟ್ಯೂಬ್‌ಗಳು.

ಮೊದಲು ಅಳತೆ ನೋಡೋಣ. 1.048 ಸಾಂದ್ರತೆಯ (ನೀರಿನದು 1.000) 20 ಲೀಟರ್ ಏಲ್‌ಗೆ, ಅಂದರೆ ಬೆಚ್ಚಗೆ ಹುದುಗುವ ಬಿಯರ್‌ಗೆ, ಸುಮಾರು 180 ಬಿಲಿಯನ್ ಜೀವಂತ ಕೋಶ ಬೇಕು, ತಂಪಿನಲ್ಲಿ ಹುದುಗುವ ಲಾಗರ್‌ಗೆ ಅದರ ಎರಡರಷ್ಟು. 2 ಲೀಟರ್ ಫ್ಲಾಸ್ಕಿನಲ್ಲಿ ನೊರೆಗೆ ಜಾಗ ಬಿಟ್ಟರೆ ಹಿಡಿಯೋದು ಒಂದೂವರೆ ಲೀಟರ್. 100 ಬಿಲಿಯನ್ ಕೋಶದ ತಾಜಾ ಪೊಟ್ಟಣವಾದರೆ ಏಲ್‌ಗೆ ಇಷ್ಟು ಧಾರಾಳ. ಲಾಗರ್ ಮಾಡುವವರು ಒಮ್ಮೆ ಬೆಳೆಸಿ, ಮೇಲಿನ ದ್ರವ ಬಸಿದು, ಅದೇ ಯೀಸ್ಟ್ ಮೇಲೆ ಮತ್ತೆ ಹೊಸ ವರ್ಟ್ (ಹುದುಗುವ ಮುಂಚಿನ ಮಾಲ್ಟ್ ದ್ರವ) ಸುರಿಯಬೇಕಾಗುತ್ತದೆ. ಅವರಿಗೆ 5 ಲೀಟರ್ ಫ್ಲಾಸ್ಕೇ ವಾಸಿ.

ವರ್ಟ್‌ಗೆ ಲೀಟರ್‌ಗೆ 100 ಗ್ರಾಂ ಎಕ್ಸ್‌ಟ್ರಾಕ್ಟ್ ಹಾಕಿ, ಸಾಂದ್ರತೆ 1.037ರ ಆಸುಪಾಸು ಬರುತ್ತದೆ. ಚಿಟಿಕೆ ಯೀಸ್ಟ್ ಪೋಷಕಾಂಶ ಸೇರಿಸಿ 15 ನಿಮಿಷ ಕುದಿಸಿ. ಫ್ಲಾಸ್ಕಿನಲ್ಲೇ ಕುದಿಸಿ ಅನ್ನುತ್ತದೆ ಕಿಟ್‌ನ ಕೈಪಿಡಿ. ಬೇಡ. ಕತ್ತು ಕಿರಿದು, ನೊರೆ ಎದ್ದರೆ ತಡೆಯೋಕಾಗಲ್ಲ, ಒಲೆಯೆಲ್ಲ ಅಂಟು. ಪಾತ್ರೆಯಲ್ಲಿ ಕುದಿಸಿ, ಮುಚ್ಚಿಟ್ಟು 20–22 ಡಿಗ್ರಿಗೆ ತಣಿಸಿ, ಸ್ಯಾನಿಟೈಸ್ ಮಾಡಿದ ಫ್ಲಾಸ್ಕಿಗೆ ಸುರಿಯಿರಿ. ಸ್ಟರ್ ಬಾರನ್ನೂ ಸ್ಯಾನಿಟೈಸ್ ಮಾಡೋದು ಮರೆಯಬೇಡಿ.

ಏರ್‌ಲಾಕ್ ಯಾಕೆ ಕೊಟ್ಟರೋ ಗೊತ್ತಿಲ್ಲ. ಯೀಸ್ಟ್ ಕೋಶ ಹೊಸ ಪೊರೆ ಕಟ್ಟಿಕೊಳ್ಳೋಕೆ ಆಮ್ಲಜನಕ ಬೇಕು, ಏರ್‌ಲಾಕ್ ಅದನ್ನೇ ತಡೆಯುತ್ತದೆ. ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಸುತ್ತಿದರೆ ಆಯಿತು: ಗಾಳಿ ಆಡುತ್ತದೆ, ಧೂಳು ಬೀಳಲ್ಲ.

ಸ್ಟರರ್‌ನ ವೇಗದ ಗುಂಡಿ ನಯವಾಗಿದೆ, ಈ ಕಿಟ್‌ನ ನಿಜವಾದ ಬಲ ಅದೇ. ನಿಧಾನವಾಗಿ ಶುರುಮಾಡಿ, ಮೇಲ್ಮೈಯಲ್ಲಿ ಸಣ್ಣ ಗುಳಿ ಕಾಣಿಸುವಷ್ಟು ತಿರುಗಿಸಿದರೆ ಸಾಕು. ಒಮ್ಮೆಲೇ ಪೂರ್ತಿ ತಿರುಗಿಸಿದರೆ ಬಾರ್ ಹಿಡಿತ ತಪ್ಪಿ ಮೂಲೆಗೆ ಹಾರಿ ಟಕಟಕ ಬಡಿಯುತ್ತದೆ. ಫ್ಲಾಸ್ಕಿನ ತಳ ನಡುವೆ ಕೊಂಚ ಉಬ್ಬಿರೋದರಿಂದ ಚಿಕ್ಕ ಬಾರ್ ಜಾರುತ್ತದೆ, ಉದ್ದನೆಯದೇ ಹಾಕಿ. ಇನ್ನೊಂದು ತೊಂದರೆ ಬಿಸಿ. ಗಂಟೆಗಟ್ಟಲೆ ಓಡಿದ ಮೋಟಾರಿನ ಶಾಖ ಗಾಜಿಗೇರಿ ವರ್ಟ್ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಸೆಕೆಯ ದಿನಗಳಲ್ಲಿ ಫ್ಲಾಸ್ಕ್ ಅಡಿಗೆ ತೆಳು ರಟ್ಟು ಇಟ್ಟು ನೋಡಿ, ಆದರೆ ದಪ್ಪ ರಟ್ಟಾದರೆ ಮ್ಯಾಗ್ನೆಟ್ ಹಿಡಿಯಲ್ಲ.

24ರಿಂದ 48 ಗಂಟೆಯಲ್ಲಿ ದ್ರವ ಹಾಲು ಬೆರೆಸಿದ ಚಹಾದಷ್ಟು ಮಬ್ಬಾಗಿ ತಿಳಿಬಣ್ಣಕ್ಕೆ ತಿರುಗಿದರೆ ಕೆಲಸ ಮುಗಿದಂತೆ. ಫ್ರಿಜ್ಜಿನಲ್ಲಿ ಒಂದೆರಡು ದಿನ ಇಟ್ಟರೆ ಯೀಸ್ಟ್ ತಳಕ್ಕೆ ಕೂರುತ್ತದೆ. ಮೇಲಿನದು ಬಸಿಯಿರಿ, ಅದರ ರುಚಿ ಬಿಯರ್‌ಗೆ ಬೇಡ. ಉಳಿದದ್ದನ್ನು ಕಲಕಿ ಸುರಿಯುವಾಗ ತಳಕ್ಕೆ ಹೊರಗಿನಿಂದ ಒಂದು ಮ್ಯಾಗ್ನೆಟ್ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಬಾರ್ ಬಿಯರ್ ಹುದುಗುವ ಫರ್ಮೆಂಟರಿಗೆ ಬಿತ್ತೆಂದೇ ಲೆಕ್ಕ. ಹುಳಿಸೇಬಿನ ಸಣ್ಣ ವಾಸನೆ ಸಹಜ. ವಿನೆಗರ್ ವಾಸನೆ ಬಂದರೆ, ಮೇಲೆ ಪೊರೆ ಕಟ್ಟಿದ್ದರೆ ಚೆಲ್ಲಿಬಿಡಿ.

ಕೂಡಿಡುವ ವಿಷಯಕ್ಕೆ ಬಂದರೆ ಕಿಟ್ ಸೋಲುತ್ತದೆ. ಟ್ಯೂಬ್ ಬಿಸಿಗೆ ಸೊಟ್ಟಗಾಗುತ್ತದೆ, ಪ್ರೆಷರ್ ಕುಕ್ಕರಿನಲ್ಲಿ ಸ್ಟೆರಿಲೈಸ್ ಮಾಡೋಕಾಗಲ್ಲ. ಗ್ಲಿಸರಿನ್ ಅಂತೂ ಕೊಟ್ಟೇ ಇಲ್ಲ. ಶೇ. 20ರಷ್ಟು ಗ್ಲಿಸರಿನ್ ಬೆರೆಸದೆ ಫ್ರೀಜರಿಗಿಟ್ಟರೆ ಮಂಜಿನ ಹರಳು ಕೋಶ ಸೀಳುತ್ತದೆ. ತಾನೇ ಹಿಮ ಕರಗಿಸಿಕೊಳ್ಳುವ ಫ್ರೀಜರಿನಲ್ಲಿ ತಾಪ ಏರಿಳಿಯುವುದರಿಂದ ಟ್ಯೂಬ್‌ಗಳನ್ನು ಜೆಲ್ ಪ್ಯಾಕ್ ನಡುವೆ ಥರ್ಮೊಕೋಲ್ ಡಬ್ಬಿಯಲ್ಲಿ ಇಡಬೇಕು. ಕೆಲವೇ ವಾರಕ್ಕಾದರೆ ಇಷ್ಟೆಲ್ಲ ಬೇಡ, ಹೆಚ್ಚುವರಿ ಯೀಸ್ಟನ್ನು ಅದರದೇ ಬಿಯರ್ ಅಡಿಯಲ್ಲಿ ಗಾಜಿನ ಜಾಡಿಯಲ್ಲಿ ಫ್ರಿಜ್ಜಿಗಿಡಿ. ಮುಚ್ಚಳ ಬಿಗಿಯಬೇಡಿ, ಅನಿಲ ತುಂಬಿದರೆ ಜಾಡಿ ಸಿಡಿಯಬಹುದು.

ಕೈಪಿಡಿಯ ಒಂದು ಸಲಹೆ ಮಾತ್ರ ಅಪಾಯಕಾರಿ: ವರ್ಟ್ ಬರೀ ಕುದಿಸಿ, ಜಾಡಿಗೆ ತುಂಬಿ ಹೊರಗಿಡಿ ಅನ್ನೋದು. ವರ್ಟ್‌ನ ಆಮ್ಲೀಯತೆ ಕಡಿಮೆ, ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಾಣು ಕುದಿಗೆ ಸಾಯಲ್ಲ. ಪ್ರೆಷರ್ ಕ್ಯಾನರ್ ಇಲ್ಲದವರು ಪ್ರತಿಸಲ ಹೊಸದಾಗಿ ಕುದಿಸಿಕೊಳ್ಳಿ. ಫ್ಲಾಸ್ಕ್, ಸ್ಟರರ್ ಬಿಡಿಯಾಗಿ ಸಿಕ್ಕರೆ ಅವೆರಡನ್ನೇ ಕೊಂಡು ಟ್ಯೂಬ್‌ಗಳನ್ನು ಬಿಟ್ಟುಬಿಡಿ.